ಗೋಡೆಯ ಮೇಲೆ ನಿನ್ನೆಯ ಕಲ್ಲಿದ್ದಲು

ಬೆಳಗಿನ ಐದೂವರೆ. ವಿದ್ಯುತ್ ಕಚೇರಿಯ ಗೋಡೆಗೆ ಏಣಿ ಒರಗಿಸಿ, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ನಿಂತಿದ್ದಾರೆ ಊರವರೆಲ್ಲ 'ಗೋಡೆ ಅಕ್ಕ' ಎಂದು ಕರೆಯುವ ಚಿತ್ರಗಾರ್ತಿ. "ನಿನ್ನೆ ಎಷ್ಟು ಉರೀತಪ್ಪಾ?" ಆ ಕಡೆಯಿಂದ ವಿದ್ಯುತ್ ಸ್ಥಾವರದ ಗುಮಾಸ್ತ ಹೇಳುತ್ತಾನೆ: ಇಪ್ಪತ್ತಮೂರು ಲಾರಿ ಕಲ್ಲಿದ್ದಲು. "ಅಯ್ಯೋ, ಕಿಟಕಿ ಮುಚ್ಚೇ ಹೋಯ್ತು!" ಎಂದು ಗೊಣಗುತ್ತಾ ಅಕ್ಕ ಕುಂಚವನ್ನು ಕಪ್ಪು ಬಣ್ಣಕ್ಕೆ ಅದ್ದುತ್ತಾರೆ.

ಗೋಡೆಯ ಮೇಲೊಂದು ಮನೆಯ ಚಿತ್ರ. ಅದರ ಮುಂದೆ ಕಲ್ಲಿದ್ದಲಿನ ರಾಶಿ. ಊರಿಗೆ ಕರೆಂಟ್ ಕೊಡಲು ನಿನ್ನೆ ಎಷ್ಟು ಲಾರಿ ಉರಿಯಿತೋ ರಾಶಿ ಅಷ್ಟೆತ್ತರ. ಒಂದು ಲಾರಿಗೆ ನಾಲ್ಕು ಬೆರಳೆತ್ತರದ ಲೆಕ್ಕ. ಇಪ್ಪತ್ತು ದಾಟಿದರೆ ಮನೆಯ ಕಿಟಕಿ ಮುಚ್ಚತೊಡಗುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪ ಇದನ್ನು ಬಸ್ಸಿನಿಂದ ನೋಡಿ ಬಂದವರೇ ಖಾಲಿ ಕೋಣೆಯ ಫ್ಯಾನ್ ಆರಿಸಿ, "ಕಿಟಕಿ ಮುಚ್ಚಿದೆ ಕಣ್ರೇ!" ಎಂದು ಗದರುತ್ತಿದ್ದರು. ಆಗ ಮುಖ ಊದಿಸಿಕೊಳ್ಳುತ್ತಿದ್ದೆ. ಈಗ ಅಪ್ಪನಿಲ್ಲ, ಆ ಗದರಿಕೆಗೆ ಜೀವ ಹಾತೊರೆಯುತ್ತದೆ.

ಅಕ್ಕನದು ಲಾರಿಗಳ ಹಿಂದೆ ಹೂವು, ಹಕ್ಕಿ ಬರೆಯುತ್ತಿದ್ದ ಕೈ. ಇಪ್ಪತ್ತಾರು ವರ್ಷದ ಹಿಂದೆ ಕಚೇರಿಯವರು ಕರೆದು, ಕರೆಂಟ್ ಖರ್ಚನ್ನು ಜನಕ್ಕೆ ಕಾಣುವಂತೆ ಬರೆಯಲು ಹೇಳಿದರು. ಅಕ್ಕ ಮೊದಲು ಬರೆದದ್ದು ಹಳದಿ ಬಲ್ಬುಗಳನ್ನು. ಖರ್ಚು ಹೆಚ್ಚಾದಷ್ಟೂ ಬಲ್ಬು ಹೆಚ್ಚು. ಗೋಡೆ ಝಗಮಗ ಎಂದಿತು, ಜನ ಬಾಯ್ತುಂಬ ಹೊಗಳಿದರು, ಖರ್ಚು ಮಾತ್ರ ಏರುತ್ತಲೇ ಹೋಯಿತು.

"ನಮ್ಮತ್ತೆ ಬಂದು ನೋಡಿ, 'ಇಷ್ಟು ಚೆಂದ ಬರೆದ್ರೆ ದೀಪ ಯಾರು ಆರಿಸ್ತಾರೇ ಪೆದ್ದೀ?' ಅಂದ್ರು. ನಾಚ್ಕೆಯಾಗೋಯ್ತು. ಅವತ್ತೇ ಬಲ್ಬು ಎಲ್ಲಾ ಅಳಿಸ್ದೆ" ಎನ್ನುತ್ತಾರೆ. ಮರುದಿನದಿಂದ ಬಂದದ್ದೇ ಈ ರಾಶಿ.

ದಿನಕ್ಕೆ ಎರಡು ಗಂಟೆ, ಒಂದು ಡಬ್ಬಿ ಬಣ್ಣ. ರಾಶಿ ಇಳಿದ ದಿನ ಕೆಲಸ ದುಪ್ಪಟ್ಟು: ಕಪ್ಪಿಗೆ ಬಿಳಿ ಬಳಿದು ಕಿಟಕಿಯನ್ನು ಮತ್ತೆ ಬರೆಯಬೇಕು. "ಆ ಕೆಲಸ ಅಂದ್ರೆ ನಂಗೆ ಪ್ರಾಣ" ಎನ್ನುತ್ತಾರೆ.

ಬರುವ ಸೋಮವಾರ ಈ ಗೋಡೆಗೆ ಲೆಕ್ಕವನ್ನು ತಾನೇ ತೋರಿಸುವ ವಿದ್ಯುತ್ ಪರದೆ ಬರಲಿದೆ. ಚಿತ್ರಕ್ಕೆ ಭಾನುವಾರವೇ ಕೊನೆ. "ಬರ್ಲಿ ಬಿಡಿ, ನನ್ನ ಮಂಡಿಗೂ ಏಣಿಗೂ ಈಗ ಆಗಿಬರಲ್ಲ" ಎಂದು ನಗುತ್ತಾರೆ. ಅವರ ಆಸೆ ಒಂದೇ: "ಕೊನೇ ದಿನ ಕಿಟಕಿ ತೆರೆದಿರ್ಬೇಕು. ಹಂಗೆ ನೋಡಿ ಇಳೀಬೇಕು."

ಬಾಗಿಲು ತೆರೆಯಲು ಬಂದ ಕಚೇರಿಯ ಸಾಹೇಬರಿಗೆ ಅದು ಕೇಳಿಸಿ, "ಅದಕ್ಕೇನಮ್ಮ, ಭಾನುವಾರ ಹದಿನೆಂಟೇ ಲಾರಿ ಅಂತ ಬರೆದುಬಿಡಿ. ಯಾರು ಅಳೀತಾರೆ?" ಎನ್ನುತ್ತಾರೆ, ಪ್ರೀತಿಯಿಂದಲೇ.

ಅಕ್ಕ ಏಣಿಯ ಮೇಲಿಂದಲೇ ತಿರುಗುತ್ತಾರೆ.

"ಬೇಡ ಸಾರ್. ಕಿಟಕಿ ಮುಚ್ಚಿದ್ರೆ ಮುಚ್ಲಿ. ಉರಿದಷ್ಟೇ ಬರೀತೀನಿ."