ಬಾಯಲ್ಲಿ ಮೊಳೆ ಇಟ್ಟುಕೊಂಡ ಹಾಡುಗಾರ

ಸೋಫಾ ರಿಪೇರಿಗೆ ಕೂತಾಗ ನಮ್ಮ ಪೀಪಿಯ ಬಾಯಿ ತುಂಬ ಮೊಳೆಗಳಿರುತ್ತವೆ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ಮೂತಿಗೆ ಅಂಟಿಸಿ, ಬಟ್ಟೆಯನ್ನು ಬಿಗಿಯಾಗಿ ಎಳೆದು, ಟಕ್! ಹೀಗೆ ಅವನ ಬಾಯಿಂದ ಹಾದುಹೋದ ಮೊಳೆಗಳನ್ನೆಲ್ಲ ಕರಗಿಸಿದರೆ ಒಂದು ರೈಲುಹಳಿ ಎರಕ ಹೊಯ್ಯಬಹುದು. ನುಂಗಿದವು ಬೇರೆ. ಹೊಟ್ಟೆ ತುಕ್ಕು ಹಿಡಿದೀತೆಂದು ಅವನ ಹೆಂಡತಿ ಅಡುಗೆಗೆ ಹುಳಿಯನ್ನೇ ಕಡಿಮೆ ಮಾಡಿದ್ದಾಳೆ.

ಗಿರಾಕಿಗಳು ಏನು ಕೇಳಿದರೂ "ಹ್ಞೂಂ" ಇಲ್ಲವೇ "ಊಹೂಂ", ಇಷ್ಟೇ ಉತ್ತರ. ಅವನಿಗೂ ಅದೇ ಬೇಕಾಗಿತ್ತು. ಬಾಯಲ್ಲಿ ಮೊಳೆ ಇದ್ದವನಿಗೆ ಯಾರೂ ಹಾಡು ಅನ್ನುವುದಿಲ್ಲವಲ್ಲ.

ಒಂದು ಕಾಲದಲ್ಲಿ ನಮ್ಮದೊಂದು ರಾಕ್ ಬ್ಯಾಂಡ್ ಇತ್ತು. ಹಾಡು ಕಟ್ಟಿ ಹಾಡುವವನು ಇವನು (ದನಿ ಪೀಪಿಯಂತೆ ಸಣ್ಣ, ಅದಕ್ಕೇ ಆ ಹೆಸರು), ಡ್ರಮ್ ಬಾರಿಸುವವನು ನಾನು. ಗಿಟಾರಿನ ಗೆಳೆಯ ಈಗಿಲ್ಲ. ನಮ್ಮದು ಸಿನಿಮಾ ಹಾಡೂ ಅಲ್ಲ, ಕುಣಿಸುವ ಹಾಡೂ ಅಲ್ಲ. ಈಗಿನವರು ಅದನ್ನು ಆಲ್ಟರ್ನೇಟಿವ್ ಅನ್ನುತ್ತಾರೆ. ಆಗ ನೆರೆಮನೆಯವರು ಗಲಾಟೆ ಅನ್ನುತ್ತಿದ್ದರು. ನಮ್ಮ ಕಾರ್ಯಕ್ರಮಕ್ಕೆ ಒಂದು ಸೊಳ್ಳೆ ಬಂದರೂ ಜನ ಜಾಸ್ತಿಯಾದರು ಎಂದು ಹಿಗ್ಗುತ್ತಿದ್ದೆವು.

ಕೊನೆಗೊಂದು ಕ್ಯಾಸೆಟ್ಟು ತಂದೆವು. ಪ್ರತಿ ತೆಗೆಯುವ ಅಂಗಡಿಯಲ್ಲಿ ಮೂಲ ಟೇಪು ಓಡಿಸುವ ಯಂತ್ರದ ಬೆಲ್ಟು ಮುದಿಯೆತ್ತಿನ ಗಂಗೆದೊಗಲಿನಂತೆ ಜೋತುಬಿದ್ದಿತ್ತು. ಪ್ರತಿಗಳೆಲ್ಲ ನಿಧಾನವಾಗಿ ಹಾಡಿದವು. ಪೀಪಿಯ ಸಣ್ಣ ದನಿ ಅದರಲ್ಲಿ ಬಾವಿಯ ತಳದಿಂದ ಬಂದ ಗುಡುಗಾಯಿತು. ಮತ್ತೆ ಮಾಡಿಸೋಣವೆಂದರೆ ಜೇಬಿನಲ್ಲಿ ಗಾಳಿ ಬಿಟ್ಟು ಬೇರೇನೂ ಇರಲಿಲ್ಲ. ಹಾಗೇ ಮಾರಿದೆವು.

ವಿಚಿತ್ರವೆಂದರೆ, ಜನ ಮೆಚ್ಚಿದರು! ಮುಂದಿನ ಕಾರ್ಯಕ್ರಮಕ್ಕೆ ಸಭಾಂಗಣ ತುಂಬಿತು. ಪೀಪಿ ಬಾಯಿ ತೆರೆದ. ಮುಂದಿನ ಸಾಲಿನವನೊಬ್ಬ ಎದ್ದು ನಿಂತು ಕೂಗಿದ: "ಏಯ್ ಮರಿ, ನೀನು ಇಳಿ. ಹಾಡೋರನ್ನ ಕಳ್ಸು!"

ಸಭೆಗೆ ಸಭೆಯೇ ನಕ್ಕಿತು. ಪೀಪಿ ಇಳಿದ. ಆಮೇಲೆ ಅವನು ಸ್ನಾನದ ಮನೆಯಲ್ಲೂ ಹಾಡಲಿಲ್ಲ.

ಈಗ, ತಲೆಗೂದಲು ನಮಗೆ ಬೆನ್ನು ತೋರಿಸಿದ ಮೇಲೆ, ನಮ್ಮ ಆ ಕ್ಯಾಸೆಟ್ಟಿಗೊಂದು ಅಭಿಮಾನಿ ಬಳಗ ಹುಟ್ಟಿಕೊಂಡಿದೆ. ಕಾಲಕ್ಕಿಂತ ಮುಂದಿದ್ದ ಬ್ಯಾಂಡ್ ಎಂದು ಬರೆಯುತ್ತಾರೆ. ಕಾಲಕ್ಕಿಂತ ಹಿಂದೆ ಓಡಿದ್ದು ಬೆಲ್ಟು ಎಂದು ಅವರಿಗೆ ಹೇಳುವವರ್ಯಾರು? ಪೀಪಿಗೆ ಅವರಿಟ್ಟ ಹೆಸರು ಗುಡುಗಣ್ಣ. ಅವರ ಮಾತುಗಳನ್ನು ಹೆಂಡತಿ ಓದಿ ಹೇಳುವಾಗ ಅವನು ಸುತ್ತಿಗೆ ನಿಲ್ಲಿಸಿ ಕೇಳುವುದನ್ನು ನಾನೇ ನೋಡಿದ್ದೇನೆ.

ಮೊನ್ನೆ ಭಾನುವಾರ ಬಳಗದ ಇಬ್ಬರು ಅಂಗಡಿಗೇ ಬಂದರು: ಗಿಟಾರು ಹೊತ್ತ ಹಲ್ಲಿನ ಡಾಕ್ಟರಮ್ಮ, ಜೊತೆಗೊಬ್ಬ ಗಣಿತದ ಮೇಷ್ಟ್ರು. ಹಾಡುಗಳನ್ನು ಹೊಸದಾಗಿ ಹೊರತರಬೇಕಂತೆ. ಮುಚ್ಚಿಹೋದ ಸ್ಟುಡಿಯೋದ ಅಟ್ಟದಲ್ಲಿ ಮೂಲ ಟೇಪು ಸಿಕ್ಕಿತ್ತು. ಅದನ್ನು ಮೊಬೈಲಿಗೆ ಇಳಿಸಿ ತಂದಿದ್ದರು. ಸ್ಪ್ರಿಂಗು ಕಿತ್ತ ಸೋಫಾದ ಮೇಲಿಟ್ಟು ಹಾಕಿದರು. ಸಣ್ಣ ದನಿ ಅಂಗಡಿ ತುಂಬಿತು.

"ಕೇಳಿದ್ರಾ?" ಎಂದರು ಮೇಷ್ಟ್ರು. "ಯಾರೋ ಸ್ಪೀಡ್ ಜಾಸ್ತಿ ಮಾಡಿ ಕೆಡಿಸಿದಾರೆ. ಕ್ಯಾಸೆಟ್ಟಲ್ಲಿರೋದೇ ಅಸಲಿ. ಗುಡುಗಣ್ಣ, ನೀವು ಬರೀ ಹ್ಞೂಂ ಅನ್ನಿ ಸಾಕು, ಅದನ್ನೇ ತರ್ತೀವಿ."

ಪೀಪಿ ನನ್ನ ಮುಖ ನೋಡಿದ. ಒಂದು ಹ್ಞೂಂ ಅಂದರೆ ಮುಗಿಯಿತು. ಮೊಳೆ ತೆಗೆಯುವ ಕಷ್ಟವೂ ಇಲ್ಲ. ಗುಡುಗಣ್ಣ ಗುಡುಗಣ್ಣನಾಗಿಯೇ ಉಳಿಯುತ್ತಾನೆ. ಊಹೂಂ ಅಂದರೆ ಮತ್ತೆ ಆ ಸಭಾಂಗಣ, ಆ ನಗು. ಸದಾ ಬಾಯಿ ಹಾಕುವ ನಾನು ಕಿತ್ತ ಸ್ಪ್ರಿಂಗುಗಳನ್ನು ಎಣಿಸತೊಡಗಿದೆ.

"ಅಣ್ಣಾ, ಮೊದ್ಲು ಆ ಮೊಳೆ ಉಗೀರಿ," ಎಂದರು ಡಾಕ್ಟರಮ್ಮ. "ನಿಮ್ಮ ಬಾಯಿ ನೋಡಿದ್ರೆ ನನಗೇ ಹಲ್ಲು ನೋವು ಬರ್ತಿದೆ."

ಅವನು ಮೊಳೆಗಳನ್ನು ಅಂಗೈಗೆ ಉಗಿದ. ಬೆವರೊರೆಸಿದ. ಮತ್ತೆ, ನೋಡುನೋಡುತ್ತಲೇ, ಹಾಡಿದ. ಅದೇ ಹಾಡು, ಅದೇ ಪೀಪಿ ದನಿ, ಅಂಚು ಸ್ವಲ್ಪ ಸವೆದಿತ್ತು ಅಷ್ಟೆ. ಕಾಲವೇ ನಮ್ಮ ಗಿಟಾರಿನ ಗೆಳೆಯನನ್ನೂ ಕರೆದುಕೊಂಡು ಹಿಂದಕ್ಕೆ ಬಂದಂತಾಗಿ, ಧೂಳಿನ ನೆಪ ಹೇಳಿ ಕಣ್ಣೊರೆಸಿಕೊಂಡೆ.

ಒಂದು ಚರಣ ಮುಗಿಸಿ, "ಇದೇ ನನ್ನ ದನಿ. ಕ್ಯಾಸೆಟ್ಟು ತಪ್ಪು," ಎಂದ.

ಮೇಷ್ಟ್ರ ಮುಖ ಪಂಕ್ಚರಾಯಿತು. "ನಾನು ಇಪ್ಪತ್ತು ವರ್ಷ ಕೇಳಿದ್ದು ಅದನ್ನೇ ಕಣ್ರಿ. ನನಗೆ ಅದೇ ಇಷ್ಟ."

"ಕೇಳಿ ಮೇಷ್ಟ್ರೇ, ಯಾರು ಬೇಡ ಅಂದ್ರು?" ಒಳಗೆ ಕವರು ಹೊಲಿಯುತ್ತಿದ್ದ ಪೀಪಿಯ ಹೆಂಡತಿ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಳು. "ಅದು ನಮ್ಮ ಮಾವನವರು ನೆಗಡಿಯಾಗಿ ಗೊರಕೆ ಹೊಡೆದ ಹಾಗಿದೆ. ಆವತ್ತು ಎಲ್ಲಾ ನಗ್ತಿದ್ದಾಗ ನಾನೂ ಅಲ್ಲೇ ಇದ್ದೆ. ನಾನು ಮದುವೆಯಾಗಿದ್ದು ಈ ದನಿನ."

"ಇಷ್ಟು ವರ್ಷ ಹೇಳ್ಲೇ ಇಲ್ಲವಲ್ಲೇ!" ಎಂದ ಪೀಪಿ.

"ನೀವು ಕೇಳಿದ್ರಾ? ಬಾಯಿ ತುಂಬ ಮೊಳೆ."

ಕ್ಯಾಸೆಟ್ಟಿನ ತಗ್ಗು ಶ್ರುತಿಗೆ ಹೊಂದಿಸಿ ನುಡಿಸಲೆಂದು ಡಾಕ್ಟರಮ್ಮ ಗಿಟಾರಿನ ತಂತಿಗಳನ್ನು ಎಷ್ಟೋ ವರ್ಷದಿಂದ ಸಡಿಲಿಸಿಯೇ ಇಟ್ಟಿದ್ದರಂತೆ. ಈಗ ಸೋಫಾದ ತುದಿಯಲ್ಲಿ ಕೂತು, ಕಿವಿ ಹತ್ತಿರ ತಂದು, ಒಂದೊಂದೇ ತಂತಿ ಬಿಗಿ ಮಾಡತೊಡಗಿದರು.

"ಅಣ್ಣಾ, ಮೊದಲನೇ ಸಾಲು ಇನ್ನೊಂದ್ಸಲ ಹೇಳಿ. ಅಲ್ಲಿಗೆ ಬರ್ತೀನಿ."

ಅವನು ಹೇಳಿದ. ಅವರು ಬಂದರು. ನಾನು ಸೋಫಾದ ಬರಿ ಚೌಕಟ್ಟಿನ ಮೇಲೆ ಬಾರಿಸಿದೆ. ಮೇಷ್ಟ್ರು ಮುನಿಸಿನಲ್ಲೇ ಕಾಲು ಕುಣಿಸುತ್ತಿದ್ದರು.

ನಡುವೆ ಗಿರಾಕಿಯೊಬ್ಬ ಇಣುಕಿ, "ನಮ್ಮ ಸೋಫಾ ಆಯ್ತಾ?" ಎಂದ.

"ಆಗಿಲ್ಲ, ನಾಳೆ ಬನ್ನಿ ಸ್ವಾಮಿ," ಎಂದ ಪೀಪಿ, ಬೀದಿಯ ಆ ತುದಿಗೂ ಕೇಳುವಂತೆ, ತನ್ನ ಸಣ್ಣ ದನಿಯಲ್ಲಿ.