ದೊಡ್ಡಮ್ಮ ತರಿಸಿಕೊಂಡ ಮೀನು

ದೊಡ್ಡಮ್ಮನ ಎಡಗಾಲಿನ ಮೇಲೆ, ಹೆಬ್ಬೆರಳಿನಿಂದ ಕಣಕಾಲಿನವರೆಗೆ, ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಚರ್ಮವಿತ್ತು. ಉಳಿದ ಕಾಲೆಲ್ಲ ಎಣ್ಣೆಗಪ್ಪು, ಅದೊಂದು ಪಟ್ಟಿ ಮಾತ್ರ ಬಿಳಿಚಿಕೊಂಡಿತ್ತು. ಚಿಕ್ಕವಳಿದ್ದಾಗ ನಾನು ಅದರ ಮೇಲೆ ಬೆರಳಾಡಿಸಿ ಏನಿದು ಎಂದು ಕೇಳಿದರೆ, "ನಿಮ್ ಚಿಕ್ಕಪ್ಪ ಕೊಟ್ಟ ಉಡುಗೊರೆ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಮೂವರೂ ಒಂದೇ ಸೂರಿನಡಿ ಇದ್ದರು. ಮೀನು ಮಾಂಸದ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆತನ. ಕಾಯಿ ಕೊಳ್ಳಲು ಹಳೇಬೀಡಿನ ಕಡೆ ಹೋಗುತ್ತಿದ್ದ ದೊಡ್ಡಪ್ಪ, ಅಲ್ಲಿ ಕೆರೆಯಲ್ಲಿ ಮೀನು ಹಿಡಿಯುವವರ ಮಗಳನ್ನು ಮೆಚ್ಚಿ, ರಿಜಿಸ್ಟರ್ ಮದುವೆ ಮಾಡಿಕೊಂಡು ಕರೆದುಕೊಂಡು ಬಂದರು. ಹೊರಗೆ ಹಾಕಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂದು ಮನೆಯವರು ಹಿತ್ತಲ ಕಡೆಯ ಎರಡು ಕೋಣೆ ಬಿಟ್ಟುಕೊಟ್ಟರು. ಆಕೆ ನಡುಮನೆಗೆ ಕಾಲಿಡಕೂಡದು. ಬೀದಿಗೆ ಹೋಗುವುದಿದ್ದರೆ ಪಕ್ಕದ ಓಣಿಯಲ್ಲಿ ಹೋಗಬೇಕು.

ಮದುವೆಯಾದ ವರ್ಷ ದೊಡ್ಡಮ್ಮನ ತಂದೆ ಮಗಳನ್ನು ನೋಡಲು ಬಂದರಂತೆ, ಟವೆಲಿನಲ್ಲಿ ಕೆರೆಮೀನು ಕಟ್ಟಿಕೊಂಡು. ದೊಡ್ಡಮ್ಮ ಹಿತ್ತಲಲ್ಲಿ ಕಲ್ಲು ಹೂಡಿ ಸಾರು ಮಾಡುತ್ತಿದ್ದರು. ವಾಸನೆ ಹಿಡಿದು ಬಂದ ಚಿಕ್ಕಪ್ಪ, ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು, ಕುದಿಯುತ್ತಿದ್ದ ಮಡಕೆಯನ್ನು ಒದ್ದುಬಿಟ್ಟರು. ಸಾರು ದೊಡ್ಡಮ್ಮನ ಕಾಲಿನ ಮೇಲೆ ಹರಿಯಿತು. ಅವರ ತಂದೆ ಮಣ್ಣಿನಲ್ಲಿ ಬಿದ್ದಿದ್ದ ತುಂಡುಗಳನ್ನು ಆಯ್ದು, ಅದೇ ಟವೆಲಿಗೆ ಹಾಕಿಕೊಂಡು ಹೊರಟುಹೋದರು. ಮತ್ತೆ ಆ ಮನೆಗೆ ಬರಲಿಲ್ಲ.

"ಕಾಲು ವಾಸಿಯಾಯ್ತು ಕಣೇ. ಅಪ್ಪ ಬಗ್ಗಿ ಬಗ್ಗಿ ಆರಿಸ್ಕೊಂಡಿದ್ದು ವಾಸಿಯಾಗ್ನಿಲ್ಲ" ಎಂದು ದೊಡ್ಡಮ್ಮ ಹೇಳುತ್ತಿದ್ದರು.

ದೊಡ್ಡಪ್ಪ ಕೈಮುಗಿದು ಕೇಳಿಕೊಂಡಿದ್ದರಿಂದ, ಅವರಿರುವವರೆಗೂ ದೊಡ್ಡಮ್ಮ ಮತ್ತೆ ಮೀನು ಮುಟ್ಟಲಿಲ್ಲ. ಸಿಟ್ಟನ್ನು ಮಾತ್ರ ಬಿಡಲಿಲ್ಲ. ಮೆಣಸಿನಕಾಯಿ ಕುಟ್ಟುವಾಗ ಒನಕೆಯ ಒಂದೊಂದು ಏಟಿಗೂ ಚಿಕ್ಕಪ್ಪನ ಹೆಸರು ಹೇಳುತ್ತಿದ್ದರು. "ಹಂಗ್ ಕುಟ್ಟಿದ್ರೆ ನುಣ್ಣಗಾಯ್ತದೆ" ಎನ್ನುತ್ತಿದ್ದರು. ಮಕ್ಕಳಿಲ್ಲದ ಅವರ ಬಳಿ ನಾನು ಬೆಳೆದೆ. ನಮ್ಮಮ್ಮ ದೊಡ್ಡ ಅಡುಗೆಮನೆಯಲ್ಲಿ ಮುಳುಗಿರುತ್ತಿದ್ದರು. ನನಗೆ ತಲೆ ಬಾಚಿ ಜಡೆ ಹೆಣೆದವರು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವರು ದೊಡ್ಡಮ್ಮ. ಜಡೆಯನ್ನು ಕಣ್ಣು ಮೇಲಕ್ಕೇಳುವಷ್ಟು ಬಿಗಿಯಾಗಿ ಹಾಕುತ್ತಿದ್ದರು. ಮನೆಯ ಹುಡುಗರು ಯಾರಾದರೂ ನನ್ನನ್ನು ಹೊಡೆದರೆ ಸಮಾಧಾನ ಹೇಳುತ್ತಿರಲಿಲ್ಲ. "ನೀನೇನ್ ಮಾಡ್ದೆ?" ಎಂದಷ್ಟೇ ಕೇಳುತ್ತಿದ್ದರು.

ದೊಡ್ಡಪ್ಪ ತೀರಿಹೋದರು. ನಾನು ಓದು ಮುಗಿಸಿ ಬೇಲೂರಿನ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಮೊದಲ ಸಂಬಳ ಬಂದಾಗ ಏನು ಬೇಕು ದೊಡ್ಡಮ್ಮ ಎಂದು ಕೇಳಿದೆ. ಸೀರೆ ಎನ್ನಬಹುದೆಂದುಕೊಂಡಿದ್ದೆ.

"ಒಂದ್ಸಲ ಒಳ್ಳೆ ಜಾಗದಲ್ಲಿ, ಕುರ್ಚಿ ಮೇಲೆ ಕೂತು ಮೀನು ತಿನ್ಬೇಕು" ಎಂದರು.

ಬೇಲೂರಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ದೇವಸ್ಥಾನ ನೋಡಲು ಬರುವ ಹಣವಂತರಿಗೆಂದು ಒಂದು ದೊಡ್ಡ ಹೋಟೆಲು ಆಗಿತ್ತು. ಅಲ್ಲಿ ಸಮುದ್ರದ ಮೀನಿನದೇ ಊಟ. ದಿನಾ ಮಂಗಳೂರಿನಿಂದ ಮಂಜುಗಡ್ಡೆಯಲ್ಲಿ ಮೀನು ಘಟ್ಟ ಹತ್ತಿ ಬರುತ್ತಿತ್ತು. ಒಳಗೆ ಎ.ಸಿ., ಬಿಳಿ ಮೇಜುಬಟ್ಟೆ, ಕಪ್ಪು ಕೋಟಿನ ಮಾಣಿಗಳು. ದೊಡ್ಡಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅಂಜಲ್ ಫ್ರೈ, ಸಿಗಡಿ, ನೀರುದೋಸೆ ಹೇಳಿದೆ. ನನಗೊಂದು ತರಕಾರಿ ಸಾರು. ಅವರು ಚಮಚವನ್ನು ಪಕ್ಕಕ್ಕೆ ಸರಿಸಿ, ಬೆರಳಿನಿಂದ ಮುಳ್ಳು ಬಿಡಿಸಿ, ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದರು.

ಆಗ ನಾನು ಮೂಲೆಯ ಮೇಜನ್ನು ನೋಡಿದೆ. ಕೊಬ್ಬರಿ ಮಂಡಿಯ ಇಬ್ಬರು ಗೆಳೆಯರ ನಡುವೆ, ಎದೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಚಿಕ್ಕಪ್ಪ ಕೂತಿದ್ದರು. ಪೂಜೆಯಾಗದೆ ನೀರೂ ಕುಡಿಯದ ನಮ್ಮ ಚಿಕ್ಕಪ್ಪ ಏಡಿಯ ಕಾಲನ್ನು ಹಲ್ಲಿನಿಂದ ಕಚ್ಚಿ, ಒಳಗಿನದನ್ನು ಹೀರುತ್ತಿದ್ದರು. ಅಭ್ಯಾಸವಿರುವವರ ಹಾಗೆ.

ನಾನು ದೊಡ್ಡಮ್ಮನ ಕೈ ಮುಟ್ಟಿದೆ. ಅವರು ತಿರುಗಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ತಮ್ಮ ತಟ್ಟೆಯದನ್ನು ನಿಧಾನವಾಗಿ ಪೂರ್ತಿ ತಿಂದು, ಕೈ ತೊಳೆದು ಬಂದು, ಮಾಣಿಯನ್ನು ಕರೆದರು.

"ಆ ಮೂಲೇಲಿ ಕೂತವ್ರಲ್ಲಪ್ಪ, ಅವ್ರಿಗೆ ಇನ್ನೊಂದು ತಟ್ಟೆ ಏಡಿ ಕೊಡು. ನಿಮ್ ಅತ್ತಿಗೆ ಕಳ್ಸವ್ರೆ ಅನ್ನು."

ಮಾಣಿ ಹೋಗಿ ಹಾಗೆಯೇ ಹೇಳಿದ. ಚಿಕ್ಕಪ್ಪ ನಮ್ಮತ್ತ ನೋಡಿದರು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವರು ಕೂತಿದ್ದ ರೀತಿ ಈಗಲೂ ನನ್ನ ಕಣ್ಣಿನಲ್ಲಿದೆ. ದೊಡ್ಡಮ್ಮ ಅವರಿಗೆ ಕೈಮುಗಿದು ಹೊರಗೆ ಬಂದರು.

ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪ ಹಿತ್ತಲ ಕೋಣೆಗೆ ಬಂದರು. ನಾನು ಅಲ್ಲಿಯೇ ಇದ್ದೆ.

"ಅತ್ತಿಗೆ, ವ್ಯಾಪಾರದವ್ರ ಬಲವಂತಕ್ಕೆ... ಮನೇಲಿ ಯಾರ್ಗೂ ತಿಳೀಬಾರ್ದು."

"ನಾನ್ಯಾಕೆ ಹೇಳ್ಲಿ" ಎಂದರು ದೊಡ್ಡಮ್ಮ. "ತಿಂಗ್ಳಿಗೊಂದು ಭಾನುವಾರ ಅಲ್ಲಿಂದ ನಂಗೆ ಮೀನು ತಂದ್ಕೊಡಿ. ಕಾರನ್ನ ಬೀದಿ ಕೊನೇಲಿ ನಿಲ್ಸಿ ನಡ್ಕೊಂಡ್ ಬನ್ನಿ. ಓಣೀಲಲ್ಲ. ಮುಂದಿನ ಬಾಗ್ಲಿಂದ, ನಡುಮನೆ ದಾಟ್ಕೊಂಡು."

ಆ ಹೋಟೆಲಿನ ಚೀಲದ ಮೇಲೆ ನೀಲಿ ಬಣ್ಣದ ದೊಡ್ಡ ಮೀನಿನ ಚಿತ್ರವಿತ್ತು. ಅದನ್ನು ಹಿಡಿದು ಚಿಕ್ಕಪ್ಪ ಬೀದಿಯುದ್ದಕ್ಕೂ ನಡೆದು, ದೇವರಮನೆಯ ಮುಂದೆಯೇ ಹಾದು ಹಿತ್ತಲಿಗೆ ಬಂದರು. ಚಿಕ್ಕಮ್ಮನಿಗೆ, ಅತ್ತಿಗೆಯ ಮೂಳೆ ಸವೆದಿದೆ, ಡಾಕ್ಟರು ಮೀನು ತಿನ್ನಲೇಬೇಕು ಅಂದಿದ್ದಾರೆ ಎಂದು ಸುಳ್ಳು ಹೇಳಿದರು.

ಆದರೆ ದೊಡ್ಡಮ್ಮ ಎಣಿಸಿದಂತೆ ಆಗಲಿಲ್ಲ. ಬೀದಿಯವರು ಚಿಕ್ಕಪ್ಪನನ್ನು ಹೊಗಳತೊಡಗಿದರು. ತಾನು ಮುಟ್ಟದಿದ್ದರೂ ವಿಧವೆ ಅತ್ತಿಗೆಗೆ ಮೀನು ತಂದುಕೊಡುತ್ತಾನಲ್ಲ, ಎಂಥ ಮನಸ್ಸು ಎಂದರು. ಅದು ಕಿವಿಗೆ ಬಿದ್ದ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ಮುಂದಿನ ತಿಂಗಳು ಚೀಲ ಇಟ್ಟು ಹೊರಟ ಚಿಕ್ಕಪ್ಪನಿಗೆ, "ಕೂತ್ಕೊಳ್ಳಿ" ಎಂದರು. ಮಣೆ ತೋರಿಸಿದರು. ಎದುರಿಗೆ ತಟ್ಟೆ ಇಟ್ಟುಕೊಂಡು ಪೊಟ್ಟಣ ಬಿಚ್ಚಿದರು. ಮಸಾಲೆಯ ಘಮ ಕೋಣೆಯನ್ನೆಲ್ಲ ತುಂಬಿತು. ಒಂದೊಂದೇ ತುಂಡು ಬಿಡಿಸಿ, ಬೆರಳು ಚೀಪಿ, ಗಂಟೆಗಟ್ಟಲೆ ತಿಂದರು. ಚಿಕ್ಕಪ್ಪನ ಕಣ್ಣು ತಟ್ಟೆಯಿಂದ ಕದಲಲಿಲ್ಲ. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ದೊಡ್ಡಮ್ಮ ಒಂದು ಚೂರೂ ಬೇಕೇ ಎಂದು ಕೇಳಲಿಲ್ಲ.

ಮುಂದೆ ಪ್ರತಿ ತಿಂಗಳೂ ಹೀಗೆಯೇ ನಡೆಯಿತು. ಅಷ್ಟು ಸಂತೋಷವಾಗಿದ್ದ ದೊಡ್ಡಮ್ಮನನ್ನು ನಾನು ಎಂದೂ ಕಂಡಿರಲಿಲ್ಲ.

ಆ ನಡುವೆ ನನ್ನ ಮದುವೆಯ ಮಾತು ಬಂತು. ನಾನು ಮೆಚ್ಚಿದವರು ನಮ್ಮ ಕಾಲೇಜಿನವರೇ, ಮಾದಿಹಳ್ಳಿಯ ಕಡೆಯವರು, ಮಾಂಸ ತಿನ್ನುವ ಮನೆಯವರು. ಅಪ್ಪ ಎಂದಿನಂತೆ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ನಡುಮನೆಯಲ್ಲಿ ನಿಂತು, "ಮೀನು ಮಾಂಸ ಮುಟ್ಟೋರ ಸಂಬಂಧ ಈ ಮನೆಗೆ ಒಂದ್ಸಲ ಆಗಿದ್ದೇ ಸಾಕು" ಎಂದರು. ನಾನು ಹಿತ್ತಲಿಗೆ ಹೋಗಿ ಅತ್ತೆ. ದೊಡ್ಡಮ್ಮನಿಗೆ ಎಲ್ಲ ಹೇಳಿದೆ.

ಮುಂದಿನ ಭಾನುವಾರ ಚಿಕ್ಕಪ್ಪ ಚೀಲ ತಂದಾಗ ದೊಡ್ಡಮ್ಮ ಅದನ್ನು ಬಿಚ್ಚಲಿಲ್ಲ.

"ಈ ಮಗೀನ ಮದ್ವೇನ ನೀವೇ ಮುಂದೆ ನಿಂತು ಮಾಡಿ" ಎಂದರು. "ಬಂದೋರ್ನೆಲ್ಲ ಬಾಗ್ಲಲ್ಲಿ ನಿಂತು ಕರೀಬೇಕು. ಮಾಡಿದ್ರೆ, ಇನ್ಮುಂದೆ ಮೀನು ತರೋದು ಬ್ಯಾಡ. ಏಡಿ ಮಾತು ನನ್ ಬಾಯಿಂದ ಯಾವತ್ತೂ ಬರಾಕಿಲ್ಲ."

ಚಿಕ್ಕಪ್ಪ ಆಗಲಿ ಎಂದು ಎದ್ದು ಹೋದರು.

ಮಾಲೇಕಲ್ಲಿನ ದೇವಸ್ಥಾನದಲ್ಲಿ ಮದುವೆಯಾಯಿತು. ನನ್ನ ಗಂಡನ ಕಡೆಯವರನ್ನು ಚಿಕ್ಕಪ್ಪ ಒಬ್ಬೊಬ್ಬರನ್ನಾಗಿ ಕೈಮುಗಿದು ಬರಮಾಡಿಕೊಂಡರು. ಮೀನು ನಿಂತಿತು. ಆ ಭಾನುವಾರಗಳಿಲ್ಲದೆ ದೊಡ್ಡಮ್ಮ ಒಂದೇ ವರ್ಷದಲ್ಲಿ ಮುದುಕಿಯಾದರು. "ನಿನ್ ಮದ್ವೆ ನಂಗೆ ಭಾರಿ ದುಬಾರಿ ಬಿತ್ತು ಕಣೇ. ಇನ್ನೆರಡು ವರ್ಷ ತಡೀಬೇಕಿತ್ತು ನೀನು" ಎಂದು ಗೊಣಗುತ್ತಿದ್ದರು. ಅದು ತಮಾಷೆಯಲ್ಲವೆಂದು ನನಗೆ ಗೊತ್ತು. ತಮ್ಮ ಪಾಲಿಗೆ ಬಂದಿದ್ದ ಒಂದೇ ಒಂದು ಸುಖವನ್ನು ಅವರು ನನಗಾಗಿ ಬಿಟ್ಟರು. ಆ ಋಣವನ್ನು ತೀರಿಸುವುದು ಹೇಗೆಂದು ನನಗೆ ಈಗಲೂ ತಿಳಿಯದು.

ಕಾಯಿಲೆ ಬಿದ್ದಾಗ ಅವರನ್ನು ಬೇಲೂರಿಗೆ, ನನ್ನ ಮನೆಗೆ ಕರೆತಂದೆ. ಒಂದು ದಿನ ಗಂಜಿ ಕುಡಿಸುತ್ತ, "ಈಗಲಾದರೂ ಚಿಕ್ಕಪ್ಪನನ್ನು ಕ್ಷಮಿಸಿಬಿಡಿ ದೊಡ್ಡಮ್ಮ, ಮನಸ್ಸು ಹಗುರವಾಗುತ್ತೆ" ಎಂದೆ.

"ನನ್ ಮನ್ಸು ಭಾರ ಐತೆ ಅಂತ ಯಾರ್ ಹೇಳಿದ್ರು?" ಎಂದರು. "ನಾನು ಮಾಫಿ ಮಾಡಿದ್ರೆ ಅವನಿಗೆ ನಿದ್ದೆ ಬತ್ತದೆ. ಆ ಉಪಕಾರ ನಾನ್ಯಾಕೆ ಮಾಡ್ಲಿ?"

ಕೆಲವು ದಿನಗಳ ನಂತರ ಚಿಕ್ಕಪ್ಪ ನೋಡಲು ಬಂದರು. ಮಂಚದ ಪಕ್ಕ ಕೂತು, "ಅತ್ತಿಗೆ, ತಪ್ಪಾಯ್ತು" ಎಂದರು. ಕಣ್ಣೊರೆಸಿಕೊಂಡರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ಚಿಕ್ಕಪ್ಪ ಮತ್ತೊಮ್ಮೆ ಹೇಳಿದರು. ನಿದ್ದೆ ಬಂದಿರಬೇಕು ಎಂದು ನಾನೇ ಅವರನ್ನು ಕಳಿಸಿಕೊಟ್ಟೆ.

ಕಾರಿನ ಸದ್ದು ದೂರವಾದ ಮೇಲೆ ದೊಡ್ಡಮ್ಮ ಕಣ್ಣು ತೆರೆದರು.

"ಹೋದ್ನಾ?"

"ಹೋದ್ರು."

"ಅತ್ನಾ?"

"ಹೂಂ. ಸ್ವಲ್ಪ ಅತ್ತರು."

"ಸ್ವಲ್ಪಾನಾ" ಎಂದು ಗೋಡೆಯ ಕಡೆ ಹೊರಳಿದರು. ಅದೇ ಅವರ ಕೊನೆಯ ಮಾತು.