ಕಾಫಿ ಮೇಕರ್ ತೊಳೆದ ತಪ್ಪಿಗೆ

ಗೆಳೆಯರೇ, ಇವತ್ತು ಬೆಳಿಗ್ಗೆ ಒಂಟಿಕೊಪ್ಪಲಿನ ಕಾಫಿಪುಡಿ ಅಂಗಡಿಯಲ್ಲಿ ನಮ್ಮ ಯಜಮಾನರು ಜಗಳಕ್ಕೆ ನಿಂತರು. ಕೈಯಲ್ಲಿ ಆಗಷ್ಟೇ ಒಡೆದ ಹೊಸ ಪೊಟ್ಟಣ.

"ಬೀಜಾನೇ ಬದಲಾಯಿಸಿದ್ದೀರ ಕಣ್ರೀ. ಇವತ್ತಿನ ಕಾಫೀಲಿ ಆ ಖಡಕ್ಕೇ ಇಲ್ಲ."

ಅಂಗಡಿಯ ಹಿರಿಯರು ದನಿ ಏರಿಸಲಿಲ್ಲ. "ಕಾಫಿ ಮೇಕರ್ ಏನಾದ್ರೂ ತೊಳದ್ರಾ ಸಾರ್?" ಎಂದು ಕೇಳಿದರು.

"ಅದನ್ನ ದಿನಾ ತೊಳೀತೀವಿ" ಎಂದರು ಯಜಮಾನರು. ಅವರು ಅದನ್ನು ತೊಳೆದದ್ದನ್ನು ನಾನಂತೂ ಕಂಡಿಲ್ಲ.

ಅಂಗಡಿಯವರ ಮರ್ಯಾದೆಯ ಪ್ರಶ್ನೆ. ನಾನು ಬಾಯಿ ಬಿಡಲೇಬೇಕಾಯಿತು. "ದಿನಾ ಬರೀ ನೀರಲ್ಲಿ ಅಲ್ಲಾಡ್ಸೋದು ಅಷ್ಟೇ. ನಿನ್ನೆ ಮಧ್ಯಾಹ್ನ ಎರಡು ನಿಂಬೆಹಣ್ಣು ನೀರಿಗೆ ಹಿಂಡಿ ಮೆಷಿನ್ ಓಡಿಸ್ದೆ. ಆಮೇಲೆ ಬರೀ ನೀರು ಎರಡು ಸಲ. ಜಗ್ಗನ್ನ ಅಡುಗೆ ಸೋಡ ಹಾಕಿ ಉಜ್ಜಿದೆ. ತಗೊಂಡು ನಾಲ್ಕು ವರ್ಷ ಆಯ್ತು, ಇದೇ ಮೊದಲ್ನೇ ಸಲ." ಮೊದಲು ಇಳಿದ ನೀರಿನ ಬಣ್ಣವನ್ನು ಮಾತ್ರ ಹೇಳಲಿಲ್ಲ.

ಹಿರಿಯರು ಪೊಟ್ಟಣವನ್ನು ಮೂಸಿ ನೋಡಿ ವಾಪಸ್ ಕೊಟ್ಟರು. "ಹಂಗಾದ್ರೆ ನಮ್ಮ ಪುಡೀನ ನೀವು ಇವತ್ತೇ ಕುಡ್ದಿರೋದು ಸಾರ್. ಇಷ್ಟು ದಿನದ ಖಡಕ್ಕು ಆ ಕೊಳೇದು."

ಸ್ಕೂಟರಿನಲ್ಲಿ ಮನೆಗೆ ಬಂದೆವು. ಯಜಮಾನರು ಇನ್ನೊಂದು ಲೋಟ ಕಾಫಿ ಮಾಡಿಸಿಕೊಂಡು ಕುಡಿದರು, ಹೊಳೆಯುವ ಜಗ್ಗನ್ನೇ ಸ್ವಲ್ಪ ಹೊತ್ತು ನೋಡಿದರು.

"ಹಳೇ ರುಚಿ ವಾಪಸ್ ಬರೋಕೆ ಎಷ್ಟು ದಿನ ಆಗತ್ತೆ?"

"ತೊಳೆಯೋ ಕೆಲಸ ನಿಮಗೇ ಬಿಟ್ರೆ ಬೇಗ ಬರತ್ತೆ" ಎಂದೆ.

ತಕ್ಷಣ ಒಪ್ಪಿಕೊಂಡರು.